ಬಂಡೆ ಸಿಗುವ ತನಕ ಅಗೆಯಿರಿ

ಓದು ಮುಗಿಸಿ, ಕೆಲಸ ಹಿಡಿದು, ಊರು ಬಿಟ್ಟು ಹೊರಟಿರುವ ಮಕ್ಕಳೇ, ದೃಢೀಕರಣದ ದಿನ ಸಭೆಯ ಮುಂದೆ ನಿಂತು ನೀವು ಕೊಟ್ಟ ಮಾತು ನಿಮಗೆ ನೆನಪಿದೆಯೋ ಇಲ್ಲವೋ, ಬೆಂಚಿನಲ್ಲಿ ಕೂತು ಕೇಳಿದ ನಮ್ಮಂಥ ಹಿರಿಯರಿಗೆ ನೆನಪಿದೆ. ಆ ಸಲುಗೆಯಿಂದಲೇ ನಾಲ್ಕು ಮಾತು ಹೇಳುತ್ತೇನೆ. ನಿಮ್ಮಲ್ಲಿ ಕೆಲವರು ಬೆಂಗಳೂರಿಗೆ, ಕೆಲವರು ದುಬೈಗೆ, ಕುವೈತಿಗೆ ಹೋಗುವವರು. ಬಾಡಿಗೆ ಎಷ್ಟು, ಸಂಬಳ ಎಷ್ಟು, ಯಾವ ಕಂಪನಿಯಲ್ಲಿ ಬಡ್ತಿ ಬೇಗ ಎಂದು ಹೇಳಿಕೊಡುವವರು ಅಲ್ಲಿ ಬೇಕಾದಷ್ಟು ಸಿಗುತ್ತಾರೆ. ಬದುಕನ್ನು ಯಾವುದರ ಮೇಲೆ ಕಟ್ಟುತ್ತಿದ್ದೀಯಾ ಎಂದು ಕೇಳುವವರು ಸಿಗುವುದು ಕಡಿಮೆ. ಅದಕ್ಕೇ ನಾನು ಕೇಳುತ್ತಿದ್ದೇನೆ.

ಯೇಸುಸ್ವಾಮಿ ಬೆಟ್ಟದ ಮೇಲೆ ಮಾಡಿದ ಉಪದೇಶ ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಿಂದ ಏಳನೆಯದರ ತನಕ ಇದೆ. ಅಷ್ಟನ್ನೂ ಹೇಳಿ ಮುಗಿಸುವಾಗ ಆತನು ಹೇಳಿದ್ದು ಮನೆ ಕಟ್ಟಿದ ಇಬ್ಬರ ಕಥೆ. ಸಂಡೇ ಸ್ಕೂಲಿನಲ್ಲಿ ಕೈಸನ್ನೆ ಮಾಡಿಕೊಂಡು ಕಲಿತ ಕಥೆಯಾದ್ದರಿಂದ ಅದು ಚಿಕ್ಕ ಮಕ್ಕಳದ್ದೆಂದು ನಾವು ಬಿಟ್ಟುಬಿಡುತ್ತೇವೆ. ದೊಡ್ಡವರಾದ ಮೇಲೆ ಒಮ್ಮೆ ನಿಧಾನವಾಗಿ ಓದಿ ನೋಡಿ. ಇಬ್ಬರೂ ಮನೆ ಕಟ್ಟಿದರು. ಇಬ್ಬರ ಮೇಲೂ ಅದೇ ಮಳೆ, ಅದೇ ನೆರೆ, ಅದೇ ಗಾಳಿ. ಅದಕ್ಕಿಂತ ಮುಖ್ಯವಾಗಿ, ಇಬ್ಬರೂ ಆತನ ಮಾತನ್ನು ಕೇಳಿದವರೇ. ಮರಳಿನ ಮೇಲೆ ಕಟ್ಟಿದವನು ದೇವರ ಹೆಸರೇ ಕೇಳದವನಲ್ಲ. ಅವನೂ ಉಪದೇಶ ಕೇಳಿದ, ಚೆನ್ನಾಗಿತ್ತು ಅಂದ, ಮನೆಗೆ ಹೋದ. ಕೇಳಿದ್ದನ್ನು ಮಾಡಲಿಲ್ಲ, ಅಷ್ಟೇ. ಇಬ್ಬರ ನಡುವೆ ಇದ್ದ ವ್ಯತ್ಯಾಸ ಅದೊಂದೇ. ಹಾಗಾಗಿ ಈ ಎಚ್ಚರಿಕೆ ಸಭೆಯ ಹೊರಗಿರುವವರಿಗೆ ಹೇಳಿದ್ದೆಂದು ನನಗೆ ಅನ್ನಿಸುವುದಿಲ್ಲ. ಪ್ರತಿ ಭಾನುವಾರ ಒಳಗೆ ಕೂರುವ ನಮಗೇ ಹೇಳಿದ್ದು.

ಲೂಕನು ಇದೇ ಕಥೆಯನ್ನು ತನ್ನ ಆರನೆಯ ಅಧ್ಯಾಯದಲ್ಲಿ ಬರೆಯುವಾಗ ಇನ್ನೊಂದು ವಿವರ ಕೊಡುತ್ತಾನೆ. ಬಂಡೆಯ ಮೇಲೆ ಕಟ್ಟಿದವನು ಆಳವಾಗಿ ಅಗೆದನಂತೆ. ಯೇಸು ನಡೆದಾಡಿದ ಸೀಮೆಯಲ್ಲಿ ಬೇಸಿಗೆಯೆಂದರೆ ತಿಂಗಳುಗಟ್ಟಲೆ ಒಂದು ಹನಿಯೂ ಬೀಳದ ಕಾಲ. ಹಳ್ಳಗಳು ಒಣಗಿ ಮರಳು ಹಾಸಿದ ಹಾಗೆ ಬಿದ್ದಿರುತ್ತವೆ. ಜಾಗ ಸಮತಟ್ಟು, ಅಗೆಯುವ ಕಷ್ಟವಿಲ್ಲ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ದೂರದ ಬೆಟ್ಟದಲ್ಲಿ ಮಳೆ ಹುಯ್ದರೆ ಸಾಕು, ನೋಡನೋಡುತ್ತಿದ್ದಂತೆ ಹಳ್ಳ ತುಂಬಿ ಬರುತ್ತದೆ. ಅಲ್ಲಿಯ ತನಕ ಎರಡು ಮನೆಗಳೂ ನೋಡುವವರಿಗೆ ಒಂದೇ ತರಹ. ಮರಳಿನ ಮೇಲಿನ ಮನೆ ಬಹುಶಃ ಬೇಗ ಎದ್ದಿರುತ್ತದೆ, ಅದರ ಯಜಮಾನನೇ ಹೆಚ್ಚು ಜಾಣನೆಂದು ಊರವರು ಅಂದಿರುತ್ತಾರೆ.

ಕರಾವಳಿಯ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಂಚಾಂಗ, ಅಂದರೆ ಮನೆಯ ಅಸ್ತಿವಾರ, ಹಾಕುವ ಮೊದಲು ಒಳ್ಳೆಯ ಮೇಸ್ತ್ರಿ ಏನು ಮಾಡುತ್ತಾನೆಂದು ನೀವೇ ನೋಡಿರುತ್ತೀರಿ. ಹಗ್ಗ ಕಟ್ಟಿ ಗುರುತು ಹಾಕಿ, ಬೇರು ಕಸ ಇರುವ ಮೇಲ್ಮಣ್ಣನ್ನು ಮೊದಲು ತೆಗೆಸುತ್ತಾನೆ. ಕೆಳಗೆ ಕಾಣುವ ಕೆಂಪು ಮಣ್ಣು ನೋಡುವುದಕ್ಕೆ ಗಟ್ಟಿಯೇ. ಮನೆ ಕಟ್ಟಿಸುವವರು ಖರ್ಚಿನ ಲೆಕ್ಕ ಹಾಕುತ್ತಾ "ಇಷ್ಟು ಸಾಕಲ್ಲ ಮೇಸ್ತ್ರಿ" ಅನ್ನುತ್ತಾರೆ. ಅವನು ಉತ್ತರ ಕೊಡದೆ ಹಾರೆ ಹಿಡಿದು ಗುಂಡಿಗೆ ಇಳಿಯುತ್ತಾನೆ. ಈ ಮೂಲೆ, ಆ ಮೂಲೆ, ನಡುವೆ ಎಂದು ಕುಟ್ಟುತ್ತಾ ಹೋಗುತ್ತಾನೆ. ಹಾರೆ ಮೆತ್ತಗೆ ಒಳಗಿಳಿದರೆ "ಇನ್ನೂ ತೆಗೀಬೇಕು" ಎನ್ನುತ್ತಾನೆ. ಕಲ್ಲಿಗೆ ತಾಗಿ ಸದ್ದು ಬದಲಾಗುವ ತನಕ ಅವನು ಮೇಲೆ ಬರುವುದಿಲ್ಲ. ಗುಡ್ಡದ ಒಂದು ಬದಿ ಕಡಿದು, ಆ ಮಣ್ಣನ್ನೇ ಇನ್ನೊಂದು ಬದಿಗೆ ತುಂಬಿಸಿ ಮಟ್ಟ ಮಾಡಿದ ಜಾಗವಾದರೆ ಅವನಿಗೆ ಇನ್ನಷ್ಟು ಅನುಮಾನ. ತುಂಬಿಸಿದ ಕಡೆ ಅವಸರ ಮಾಡಿದರೆ ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಕಿಟಕಿಯ ಮೂಲೆಯಿಂದ ಗೋಡೆಗೆ ಓರೆಯಾಗಿ ಬಿರುಕು ಬರುತ್ತದೆಂದು ಅವನಿಗೆ ಗೊತ್ತು. ಹೊಸಮನೆಯ ಪ್ರಾರ್ಥನೆಗೆ ಬಂದವರು ಬಾಗಿಲು ನೋಡುತ್ತಾರೆ, ಟೈಲ್ಸ್ ನೋಡುತ್ತಾರೆ. ಅಷ್ಟು ದುಡ್ಡು, ಅಷ್ಟು ಬೆವರು ಮಣ್ಣಿನ ಕೆಳಗೆ ಹೋಗಿದೆಯೆಂದು ಯಾರ ಕಣ್ಣಿಗೂ ಬೀಳುವುದಿಲ್ಲ.

ನಮ್ಮ ಬದುಕಿನಲ್ಲಿ ಬಂಡೆಯೆಂದು ನಾವು ತಪ್ಪು ತಿಳಿಯುವ ಮಣ್ಣು ಯಾವುದು? ಮೊದಲನೆಯದು ಮನೆತನ. "ನಮ್ಮದು ಬಾಸೆಲ್ ಮಿಶನ್ ಕಾಲದಿಂದ ಬಂದ ಕುಟುಂಬ" ಎಂದು ಹೇಳಿಕೊಳ್ಳುವಾಗ ನಮಗೆ ಎದೆ ಉಬ್ಬುತ್ತದೆ. ಉಬ್ಬಲಿ, ಅದರಲ್ಲಿ ತಪ್ಪಿಲ್ಲ. ಆದರೆ ಆ ಕಾಲದ ನಮ್ಮ ಹಿರಿಯರು ಏನು ಕೊಟ್ಟು ಕ್ರೈಸ್ತರಾದರು ಎಂಬುದನ್ನೂ ತಿಳಿದುಕೊಳ್ಳಿ. 1834ರಲ್ಲಿ ಆ ಮಿಶನಿನ ಮೂವರು ಮಂಗಳೂರಿಗೆ ಬಂದರು. ಅವರ ಮಾತು ಕೇಳಿ ನಂಬಿದವರಲ್ಲಿ ಅನೇಕರು ಮನೆ, ಬಂಧುಬಳಗ, ಕುಲಕಸುಬು ಎಲ್ಲವನ್ನೂ ಕಳೆದುಕೊಂಡರು. ಅವರ ಹೊಟ್ಟೆಪಾಡಿಗೊಂದು ದಾರಿ ಬೇಕಾಯಿತು. ಮಿಶನಿನ ನೇಯ್ಗೆ ಕೆಲಸ ಆರಂಭವಾದದ್ದು ಆ ಕಾರಣಕ್ಕೆ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಾಗ ಅದು ಎಷ್ಟೋ ಇಂಥ ಕುಟುಂಬಗಳಿಗೆ ಗಂಜಿಯ ದಾರಿಯಾಯಿತು. 1844ರ ಜನವರಿಯಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯರು ಸಾರಸ್ವತ ಬ್ರಾಹ್ಮಣ ಮನೆತನದ ತರುಣ. ತನ್ನವರೆಂಬವರ ಬಾಗಿಲುಗಳೆಲ್ಲ ಮುಚ್ಚುತ್ತವೆಂದು ಗೊತ್ತಿದ್ದೇ ಅವರು ಆ ಹೆಜ್ಜೆ ಇಟ್ಟರು. ಕಥೋಲಿಕ ಮಕ್ಕಳಿಗೆ ಇನ್ನೂ ಹಳೆಯ ನೆನಪಿದೆ: 1784ರಿಂದ 1799ರ ತನಕ ಅವರ ಹಿರಿಯರು ಶ್ರೀರಂಗಪಟ್ಟಣದ ಸೆರೆಯಲ್ಲಿದ್ದು, ಬದುಕಿ ಉಳಿದವರು ಮರಳಿ ಬಂದು ಚರ್ಚುಗಳನ್ನು ಮತ್ತೆ ಎಬ್ಬಿಸಿದ ಕಥೆ.

ಅವರೆಲ್ಲ ಅಗೆದರು, ಅಗೆದು ತಮ್ಮ ಮನೆ ಕಟ್ಟಿದರು. ನಮಗೆ ಕ್ರೈಸ್ತರೆಂಬ ಹೆಸರು ಜನನ ಪತ್ರದ ಜೊತೆಗೇ ಬಂತು. ಅಜ್ಜ ಅಗೆದ ಗುಂಡಿಯಲ್ಲಿ ಮೊಮ್ಮಗನ ಪಂಚಾಂಗ ಏಳುವುದಿಲ್ಲ.

ಎರಡನೆಯ ಮಣ್ಣು ಇನ್ನೂ ಮೋಸದ್ದು, ಯಾಕೆಂದರೆ ಅದು ಧರ್ಮದ ಹಾಗೆಯೇ ಕಾಣುತ್ತದೆ. ಪಂಡಿತಾ ರಮಾಬಾಯಿಯವರ ವಿಷಯ ಹೇಳುತ್ತೇನೆ. ಅವರು ಹುಟ್ಟಿದ್ದು 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ಹತ್ತಿರದ ಮಾಳದ ಕಡೆಯವರು. ಹೆಣ್ಣುಮಕ್ಕಳಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರಿನ ವಿರೋಧ ಕಟ್ಟಿಕೊಂಡ ಮನುಷ್ಯ. ಬರಗಾಲದಲ್ಲಿ ರಮಾಬಾಯಿ ತಂದೆ ತಾಯಿಯನ್ನು ಕಳೆದುಕೊಂಡರು. ಆಮೇಲೆ ಅಣ್ಣ ಹೋದ, ಮದುವೆಯಾಗಿ ಹೆಚ್ಚು ಕಾಲ ಆಗುವ ಮೊದಲೇ ಗಂಡ ಹೋದ, ಕೈಯಲ್ಲೊಂದು ಹೆಣ್ಣು ಕೂಸು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಇಷ್ಟಾದರೂ, ಬಹಳ ವರ್ಷಗಳ ನಂತರ ತಮ್ಮ ಸಾಕ್ಷಿಯನ್ನು ಬರೆಯುವಾಗ, ಆ ದಿನ ತಮಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನು ಸಿಕ್ಕಿದ್ದು ಆಮೇಲೆ ಎಂಬ ಅರ್ಥದಲ್ಲಿ ಬಿಚ್ಚಿ ಹೇಳಿದರು. ಸತ್ಯವೇದವನ್ನು ಮೂಲಭಾಷೆಗಳಿಂದ ಮರಾಠಿಗೆ ತರುವಷ್ಟು ಓದಿದ್ದ ಹೆಂಗಸು ಹೇಳಿದ ಮಾತು ಇದು. ದೀಕ್ಷಾಸ್ನಾನ, ದೃಢೀಕರಣ, ಸಭೆಯ ಪಟ್ಟಿಯಲ್ಲಿ ಹೆಸರು, ಯಾವುದೂ ಸಣ್ಣದಲ್ಲ. ಆದರೆ ಅಲ್ಲಿಗೆ ಹಾರೆ ಕೆಳಗಿಡಬೇಡಿ. ರಮಾಬಾಯಿ ಇಡಲಿಲ್ಲ. 1896-97ರ ಬರದಲ್ಲಿ ಮಧ್ಯಪ್ರಾಂತ್ಯಕ್ಕೆ ತಾವೇ ಹೋಗಿ ಹಸಿವಿನಲ್ಲಿದ್ದ ನೂರಾರು ಹುಡುಗಿಯರನ್ನು ಪುಣೆ ಕಡೆಯ ಕೇಡಗಾಂವಿಗೆ ಕರೆತಂದು ಸಾಕಿದರು, ಕಸುಬು ಕಲಿಸಿದರು. ಕೇಳಿದ್ದನ್ನು ಮಾಡುವುದೆಂದರೆ ಅದು.

ಮೂರನೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. ದೊಡ್ಡ ಕೂಟಕ್ಕೆ ಹೋಗಿ ಕಣ್ಣೀರು ಹಾಕಿ ಬರುವುದು, ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ವಚನ ಕಳಿಸುವುದು, ನಂಬಿದರೆ ವೀಸಾ ಸಿಗುತ್ತದೆ, ಕಾರು ಬರುತ್ತದೆ, ಕಾಯಿಲೆ ಹತ್ತಿರ ಸುಳಿಯುವುದಿಲ್ಲ ಎಂಬ ಉಪದೇಶಕ್ಕೆ ಆಮೆನ್ ಅನ್ನುವುದು. ಅಂಥ ಉಪದೇಶ ನನಗೆ ಒಪ್ಪಿಗೆಯಿಲ್ಲ ಎಂದು ನೇರವಾಗಿಯೇ ಹೇಳುತ್ತೇನೆ. ಬಂಡೆಯ ಮೇಲೆ ಕಟ್ಟಿದವನ ಮನೆಗೆ ಮಳೆ ಬರಲಿಲ್ಲ ಎಂದು ಯೇಸು ಎಲ್ಲಿಯೂ ಹೇಳಲಿಲ್ಲ.

ಹಾಗಾದರೆ ಅಗೆಯುವುದೆಂದರೆ ಏನು? ಬೆಟ್ಟದ ಉಪದೇಶದ ಆ ಮೂರು ಅಧ್ಯಾಯಗಳಿಂದಲೇ ಆರಂಭಿಸಿ. ಗಟ್ಟಿಯಾಗಿ ಓದಿದರೂ ಮೂರನ್ನೂ ಮುಗಿಸಲು ಹೆಚ್ಚು ಹೊತ್ತು ಬೇಡ. ಆದರೆ ಮುಗಿಸಬೇಡಿ. ಒಂದು ಭಾಗ ಓದಿ, ಅದರಲ್ಲಿ ಏನು ಮಾಡು ಎಂದಿದೆಯೋ ಅದನ್ನು ಮಾಡಿ ಮುಂದಕ್ಕೆ ಹೋಗಿ. ಐದನೆಯ ಅಧ್ಯಾಯದ ನಡುವೆ ಒಂದು ಕಡೆ, ಕಾಣಿಕೆ ಕೊಡಲು ಬಂದವನಿಗೆ ಸಹೋದರನ ಮನಸ್ಸಿನಲ್ಲಿ ತನ್ನ ಮೇಲೆ ಏನೋ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಲಿ ಎಂದಿದೆ. ನಮ್ಮ ಸಭೆಗಳಲ್ಲಿ ಪಾಲುಪಟ್ಟಿಯ ಜಗಳದಿಂದ ಮಾತು ಬಿಟ್ಟ ಅಣ್ಣತಮ್ಮಂದಿರು ಎಷ್ಟು ಜನ! ಒಬ್ಬ ಬಲಗಡೆಯ ಬೆಂಚು, ಇನ್ನೊಬ್ಬ ಎಡಗಡೆ. ಕಾಣಿಕೆಯ ಚೀಲ ಇಬ್ಬರ ಮುಂದೆಯೂ ಹೋಗುತ್ತದೆ, ಕರ್ತನ ಭೋಜನಕ್ಕೆ ಇಬ್ಬರೂ ಎದ್ದು ಬರುತ್ತಾರೆ.

ನಮ್ಮ ಕಡೆ ಹೀಗೆಯೇ ಇದ್ದ ಒಬ್ಬ ತಮ್ಮ, ಶುಭ ಶುಕ್ರವಾರದ ಹಿಂದಿನ ಸಂಜೆ ಅಣ್ಣನ ಮನೆಗೆ ಹೋದ. ಬಾಗಿಲು ತೆಗೆದ ಅತ್ತಿಗೆಗೆ ಏನು ಹೇಳಬೇಕೆಂದೇ ತೋಚಲಿಲ್ಲ. "ಅಣ್ಣ ಇದ್ದಾರಾ ಅತ್ತಿಗೆ?" ಅಂದ. ಅಣ್ಣ ಹೊರಗೆ ಬಂದು, ಮುಖ ನೋಡದೆ, ಜಗಲಿಯ ಇನ್ನೊಂದು ತುದಿಯಲ್ಲಿ ಕೂತ. ಇವನು ಚಪ್ಪಲಿ ಬಿಟ್ಟು ಮೆಟ್ಟಲ ಹತ್ತಿರವೇ ನಿಂತು, "ಬಾವಿ ಬದಿಯ ಜಾಗ ನಿಮಗೇ ಇರಲಿ ಅಣ್ಣ. ನನಗೆ ನಿಮ್ಮ ಹತ್ತಿರ ಮಾತಾಡದೆ ನಾಳೆ ಚರ್ಚಿಗೆ ಹೋಗಲಿಕ್ಕೆ ಆಗುವುದಿಲ್ಲ" ಅಂದ. ಅಣ್ಣ ಬಹಳ ಹೊತ್ತು ಸುಮ್ಮನಿದ್ದು, ಒಳಗೆ ತಿರುಗಿ "ಚಾ ಇಡು" ಅಂದ, ಅಷ್ಟೇ. ಕೋರ್ಟಿನ ಕೇಸು ಮುಗಿಯಲು ಆಮೇಲೂ ಕಾಲ ಹಿಡಿಯಿತು. ಮಕ್ಕಳ ಗೊಣಗಾಟ ಈಗಲೂ ಇದೆ. ಆದರೆ ಆ ಮನೆಗಳ ನಡುವೆ ಹೋಗಿ ಬರುವುದು ನಿಂತಿಲ್ಲ. ಆ ತಮ್ಮ ಅಂಥ ವಿದ್ವಾಂಸನೇನಲ್ಲ, ವೇದಿಕೆ ಹತ್ತಿ ಮಾತಾಡಿದವನೂ ಅಲ್ಲ. ಆದರೂ ಅವನ ಹಾರೆ ಕಲ್ಲಿಗೆ ತಾಗಿದೆ ಎಂದು ನನಗೆ ಖಾತ್ರಿ.

ನೀವು ಹೋಗುವ ಆಫೀಸುಗಳಲ್ಲಿ ಅಗೆಯುವ ಜಾಗ ಬೇರೆ ಇರುತ್ತದೆ. ಬಾರದ ಸಾಮಾನಿಗೆ ಬಿಲ್ಲು ಬರೆ ಅನ್ನುತ್ತಾರೆ. ಮಾಡದ ಪರೀಕ್ಷೆಗೆ ರಿಪೋರ್ಟಿನಲ್ಲಿ ಟಿಕ್ ಹಾಕು ಅನ್ನುತ್ತಾರೆ. ಹೋಗದ ಊರಿಗೆ ಪ್ರಯಾಣ ಭತ್ಯೆ ಎಲ್ಲರೂ ಬರೆದುಕೊಳ್ಳುತ್ತಾರೆ, ನೀನೊಬ್ಬ ಬಿಟ್ಟರೆ ಉಳಿದವರಿಗೆ ತೊಂದರೆ ಎನ್ನುತ್ತಾರೆ. ಅದೇ ಐದನೆಯ ಅಧ್ಯಾಯದಲ್ಲಿ ನಮ್ಮ ಹೌದು ಹೌದಾಗಿಯೂ ಅಲ್ಲ ಅಲ್ಲವಾಗಿಯೂ ಇರಬೇಕೆಂಬ ಮಾತಿದೆಯಲ್ಲ, ಅದು ಪರೀಕ್ಷೆಗೆ ಬರುವುದು ಇಂಥ ಕಾಗದಗಳ ಮೇಲೆ. ಸುಳ್ಳು ಬಿಲ್ಲಿಗೆ ಸಹಿ ಹಾಕದೆ ಕೆಲಸ ಬಿಡಬೇಕಾಗಿ ಬಂದ ಹುಡುಗನೊಬ್ಬ ನನಗೆ ಗೊತ್ತು. ಬೇರೆ ಕೆಲಸ ಬೇಗ ಸಿಗಲಿಲ್ಲ, ಸಿಕ್ಕಿದ್ದರಲ್ಲಿ ಸಂಬಳ ಕಡಿಮೆ. ಎರಡರಷ್ಟು ತಿರುಗಿ ಬಂತೆಂದು ಸಾಕ್ಷಿ ಹೇಳುವುದಕ್ಕೆ ಅವನ ಹತ್ತಿರ ಏನೂ ಇಲ್ಲ. ಅವನಿಗೆ ರಾತ್ರಿ ನಿದ್ದೆ ಬರುತ್ತದೆ, ಮನೆಯಲ್ಲಿ ಹೆಂಡತಿ ಮಕ್ಕಳ ಮುಖ ನೋಡಿ ಪ್ರಾರ್ಥನೆ ಮಾಡುತ್ತಾನೆ. ಅಷ್ಟರಲ್ಲೇ ಅವನಿಗೆ ತೃಪ್ತಿಯಿದೆ. ತಪ್ಪು ಈಗಾಗಲೇ ಮಾಡಿದ್ದರೆ ಜಕ್ಕಾಯನನ್ನು ನೆನೆಸಿಕೊಳ್ಳಿ. ಯೇಸು ಅವನ ಮನೆಗೆ ಊಟಕ್ಕೆ ಬಂದ ದಿನ ಅವನು ಹಾಡು ಹೇಳಲಿಲ್ಲ, ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂದೆ ಕೊಡುತ್ತೇನೆಂದು ಲೆಕ್ಕ ಹೇಳಿದ.

ಮದುವೆಯ ಬಗ್ಗೆ ಒಂದೇ ಮಾತು. ಹಾಲ್, ಬಟ್ಟೆ, ಕ್ಯಾಟರಿಂಗು ಅಂತ ಸಾಲ ಮಾಡಿ ಸಂಸಾರ ಆರಂಭಿಸಬೇಡಿ. ಯಾರ ಜೊತೆ ಕೂತು ಪ್ರಾರ್ಥನೆ ಮಾಡಲು ನಿಮಗೆ ಸಂಕೋಚ ಆಗುವುದಿಲ್ಲವೋ ಅಂಥವರನ್ನು ಹುಡುಕಿ. ರಾತ್ರಿ ಊಟಕ್ಕೆ ಮೊದಲು ಟಿ.ವಿ. ಆರಿಸಿ ಒಂದು ಕೀರ್ತನೆ ಓದುವ ಮನೆಯಲ್ಲಿ ಬೆಳೆದವರಿಗೆ ನಾನು ಇದರ ಬೆಲೆ ಹೇಳಬೇಕಾಗಿಲ್ಲ.

ನೆರೆಹೊರೆಯ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು. ಗಟ್ಟಿ ವಿಶ್ವಾಸವೆಂದರೆ ಗಟ್ಟಿ ಸ್ವರದಲ್ಲಿ ವಾದ ಮಾಡುವುದೆಂದು ಕೆಲವು ಹುಡುಗರು ತಿಳಿದಿದ್ದಾರೆ. ಇನ್ನೊಬ್ಬರ ದೇವರನ್ನು, ಹಬ್ಬವನ್ನು ಹೀಯಾಳಿಸುವುದು ಯೇಸುವಿನಿಂದ ಕಲಿತದ್ದಲ್ಲ. ರೂಮಿನಲ್ಲಿ ಜೊತೆಗಿರುವ ಹಿಂದೂ ಗೆಳೆಯನಿಗೆ ಜ್ವರ ಬಂದರೆ ಗಂಜಿ ಮಾಡಿ ಕೊಡಿ. ಮುಸಲ್ಮಾನ ಸಹೋದ್ಯೋಗಿ ಉಪವಾಸ ಹಿಡಿದಾಗ ಅವನ ಸಂಜೆಯ ಪಾಳಿ ನೀವು ಮಾಡಿ. ನೀವು ಯಾಕೆ ಹೀಗೆ ಎಂದು ಅವರೇ ಕೇಳಿದರೆ ಆಗ ಹೇಳಿ, ಮರೆಮಾಚದೆ ಹೇಳಿ. ನಿಮಗೇ ಪ್ರಶ್ನೆಗಳು ಹುಟ್ಟಿದರೆ ಹೆದರಬೇಡಿ. ಅನುಮಾನಪಟ್ಟ ತೋಮನನ್ನು ಕರ್ತನು ಹೊರಗೆ ಹಾಕಲಿಲ್ಲ, ಹತ್ತಿರ ಕರೆದು ಗಾಯ ತೋರಿಸಿದ.

ನೆರೆ ಬಂದಾಗ ಏನಾಗುತ್ತದೆಂದು ತಿಳಿಯಬೇಕಾದರೆ ಗ್ಲಾಡಿಸ್ ಸ್ಟೇನ್ಸ್ ಅವರ ಬದುಕು ನೋಡಿ. ಅವರ ಗಂಡ ಗ್ರಹಾಂ ಸ್ಟೇನ್ಸ್ 1965ರಲ್ಲಿ ಆಸ್ಟ್ರೇಲಿಯಾದಿಂದ ಬಂದು ಒಡಿಶಾದ ಬಾರಿಪದಾದಲ್ಲಿ ಕುಷ್ಠರೋಗಿಗಳ ಸೇವೆ ಮಾಡಿಕೊಂಡಿದ್ದವರು. 1999ರ ಜನವರಿಯ ಒಂದು ರಾತ್ರಿ ಮನೋಹರಪುರ ಎಂಬ ಹಳ್ಳಿಯಲ್ಲಿ ಗಾಡಿಯೊಳಗೆ ಮಲಗಿದ್ದ ಅವರನ್ನೂ, ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೊಥಿಯರನ್ನೂ ಗುಂಪೊಂದು ಜೀವಂತ ಸುಟ್ಟಿತು. ಹಾಗೆ ಮಾಡಿದವರನ್ನು ಕ್ಷಮಿಸಿದ್ದೇನೆ ಎಂದು ಗ್ಲಾಡಿಸ್ ಅಂದರು. ಶಿಕ್ಷೆ ಕೊಡುವುದು ಬಿಡುವುದು ಕಾನೂನಿನ ಕೆಲಸ, ಕ್ಷಮಿಸುವುದು ತನ್ನ ಕೆಲಸ ಎಂಬುದು ಅವರ ನಿಲುವಾಗಿತ್ತು. ಉಳಿದ ಒಬ್ಬಳೇ ಮಗಳನ್ನು ಕಟ್ಟಿಕೊಂಡು ತಾಯ್ನಾಡಿಗೆ ಓಡಿಹೋಗಲಿಲ್ಲ. 2004ರ ತನಕ ಬಾರಿಪದಾದಲ್ಲೇ ಇದ್ದು ಆ ರೋಗಿಗಳ ಸೇವೆ ಮುಂದುವರಿಸಿದರು. 2005ರಲ್ಲಿ ನಮ್ಮ ಸರಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಅಂಥ ಕ್ಷಮೆ ಆ ಒಂದು ರಾತ್ರಿ ಬೆಳಗಾಗುವುದರೊಳಗೆ ಹುಟ್ಟಿದ್ದೆಂದು ನಾನು ನಂಬಲಾರೆ. ಯಾರೂ ನೋಡದ ಎಷ್ಟೋ ವರ್ಷ, ಗಾಯ ಕಟ್ಟುತ್ತಾ, ಪ್ರಾರ್ಥಿಸುತ್ತಾ, ಸಣ್ಣಸಣ್ಣ ಕಹಿಗಳನ್ನು ಮನಸ್ಸಿನಿಂದ ತೆಗೆಯುತ್ತಾ ಅವರು ಅಗೆದದ್ದು ಆವತ್ತು ಹೊರಗೆ ಕಂಡಿತು. ನೆರೆ ಬಂದ ಮೇಲೆ ಪಂಚಾಂಗ ತೋಡಲು ಯಾರಿಗೂ ಪುರುಸೊತ್ತು ಸಿಗುವುದಿಲ್ಲ ಮಕ್ಕಳೇ. ಅದಕ್ಕೇ ಈಗಲೇ ಹೇಳುತ್ತಿರುವುದು, ನಿಮ್ಮ ಬದುಕಿನ ಬೇಸಿಗೆಯಲ್ಲಿ.

ಇಷ್ಟೆಲ್ಲ ಮಾಡು ಮಾಡು ಅಂದದ್ದು ಕೇಳಿ ನಿಮಗೆ ಭಾರ ಅನ್ನಿಸಬಾರದು. ಬಂಡೆಯನ್ನು ನೀವು ತಯಾರು ಮಾಡಬೇಕಾಗಿಲ್ಲ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಮೂರನೆಯ ಅಧ್ಯಾಯದಲ್ಲಿ ಅಸ್ತಿವಾರ ಆಗಲೇ ಇದೆ, ಅದು ಯೇಸು ಕ್ರಿಸ್ತನೇ, ಬೇರೊಂದನ್ನು ಯಾರೂ ಹಾಕಲಾರರು ಎನ್ನುತ್ತಾನೆ. ನಮ್ಮ ಕೆಲಸ ಮೇಲಿನ ಮಣ್ಣು ತೆಗೆದು ಅವನನ್ನು ತಲುಪುವುದು. ಎಡವಿದರೂ ಅವನು ಅಲ್ಲೇ ಇರುತ್ತಾನೆ. ಪೇತ್ರನು ಬೆಂಕಿ ಕಾಯಿಸಿಕೊಳ್ಳುತ್ತಾ ಮೂರು ಸಲ ಅಲ್ಲಗಳೆದ. ಕರ್ತನು ಕೆರೆಯ ದಡದಲ್ಲಿ ಅವನಿಗೆ ಊಟ ಬಡಿಸಿ, ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿ, ಕುರಿಗಳನ್ನು ಅವನ ಕೈಗೇ ಒಪ್ಪಿಸಿದ. ಬಿದ್ದೆನೆಂದು ನಾಚಿಕೊಂಡು ಸಭೆಯಿಂದ ದೂರ ಉಳಿದ ಎಷ್ಟೋ ಹುಡುಗರನ್ನು ನೋಡಿ ನನ್ನ ಹೊಟ್ಟೆ ಉರಿದಿದೆ. ಹಾಗೆ ಮಾಡಬೇಡಿ. ಬಿದ್ದ ವಾರವೇ ಬನ್ನಿ.

ಕೊನೆಯದಾಗಿ, ಹೋದ ಊರಿನಲ್ಲಿ ಮೊದಲ ವಾರವೇ ಒಂದು ಸಭೆ ನೋಡಿಕೊಳ್ಳಿ. ಸ್ವಲ್ಪ ಹೊಂದಿಕೊಂಡ ಮೇಲೆ ಎಂದರೆ ಆ ದಿನ ಬರುವುದಿಲ್ಲ. ಬೆಂಗಳೂರಿನಲ್ಲಾದರೆ ಕನ್ನಡ ಆರಾಧನೆ ಇರುವ ಸಭೆಗಳು ಹಲವಾರಿವೆ. ಕಾರ್ಪೊರೇಷನ್ ಬಳಿಯ ಹಡ್ಸನ್ ಸ್ಮಾರಕ ಚರ್ಚು 1904ರಿಂದ ಕನ್ನಡದವರದ್ದೇ. ಕುವೈತಿನಲ್ಲಿ ರಜೆ ಶುಕ್ರವಾರ, ಆರಾಧನೆಯೂ ಹೆಚ್ಚಾಗಿ ಶುಕ್ರವಾರವೇ. ಪಾಳಿ ಕೇಳಿಕೊಳ್ಳುವಾಗ ಅದು ಗಮನದಲ್ಲಿರಲಿ. ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಹಾಗೆಯೇ ಎದ್ದು ಬರಬೇಡಿ. ಪಾದ್ರಿಗಳನ್ನು ಕಂಡು ಯಾವ ಊರು, ಯಾರ ಮನೆ ಎಂದು ಹೇಳಿ, ಸಂಡೇ ಸ್ಕೂಲಿಗೆ ಜನ ಬೇಕೇ ಎಂದು ಕೇಳಿ. ಬೇಡ ಅನ್ನುವ ಸಭೆಯನ್ನು ನಾನಂತೂ ನೋಡಿಲ್ಲ. ಸದಸ್ಯತ್ವಕ್ಕೆ ನಮ್ಮ ಸಭೆಯ ಪತ್ರ ಬೇಕಾಗುತ್ತದೆ, ಹೊರಡುವ ಹಿಂದಿನ ಭಾನುವಾರವೇ ಪಾದ್ರಿಗಳ ಹತ್ತಿರ ಹೇಳಿ ಬರೆಸಿಟ್ಟುಕೊಳ್ಳಿ.